ಜಹೀರಾಬಾದು ಸೀಮೆಯ ಮಹಿಳಾ ಸಂಘಗಳೂ ಕೃಷಿವಿದ್ಯೆಯೂ

ಬೀದರದಿಂದ ಹೈದರಾಬಾದಿಗೆ ಹೋಗುವ ಮಾರ್ಗದಲ್ಲಿ ಜಹೀರಾಬಾದು ಎಂಬ ಊರಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಈ ತಾಲ್ಲೂಕು ಬೀದರ ಜಿಲ್ಲೆಗೇ ಸೇರಿದ್ದಿತು. ತರುವಾಯ ಮೇದಕ ಜಿಲ್ಲೆಗೆ ಹೋಗಿ, 2016ರಿಂದೀಚೆಗೆ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಆಡಳಿತದ ಎಲ್ಲೆ ಸರಿದರೂ ನೆಲದ ಗುಣ ಸರಿಯಲಿಲ್ಲ. ಎಲ್ಲೆಯ ಎರಡು ಮಗ್ಗುಲಲ್ಲಿಯೂ ಅದೇ ಜಂಬಿಟ್ಟಿಗೆಯ ತೆಳುಮಣ್ಣು, ನಡುನಡುವೆ ಎರೆಭೂಮಿ, ನೆಚ್ಚಲಾಗದ ಮಳೆ, ಜೋಳದ ರೊಟ್ಟಿ, ತೊಗರಿಯ ಬೇಳೆ. ಆದುದರಿಂದ ಈ ಸೀಮೆಯ ಒಕ್ಕಲುಹೆಂಗಸರ ಸಂಘಗಳ ವೃತ್ತಾಂತವು ಕನ್ನಡಿಗರಿಗೆ ಪರದೇಶದ ಮಾತಲ್ಲ.

ಇಲ್ಲಿ ಕೆಲಸಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯೆಂಬ ಸಂಸ್ಥೆಯು 1983ರಲ್ಲಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶರು ಮೈಸೂರಿನವರು; ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. ಪಸ್ತಾಪುರವನ್ನು ನೆಲೆಯಾಗಿ ಮಾಡಿಕೊಂಡು, ಹಳ್ಳಿಹಳ್ಳಿಯಲ್ಲಿಯೂ ಬಡ ಹೆಂಗಸರ, ಬಹುಮಟ್ಟಿಗೆ ದಲಿತ ಕುಟುಂಬದವರ, ಸಂಘಗಳನ್ನು ಕಟ್ಟುವುದು ಇದರ ಕ್ರಮವಾಯಿತು. ಕಾಲಕ್ರಮದಲ್ಲಿ ಸುಮಾರು 75 ಹಳ್ಳಿಗಳಿಗೆ ಈ ಸಂಘಗಳು ಹಬ್ಬಿದುವು.

ಅದೇ 1983ರಲ್ಲಿ ಆಂಧ್ರಪ್ರದೇಶದ ಸರ್ಕಾರವು ಕಿಲೋಗ್ರಾಮಿಗೆ 2 ರೂಪಾಯಿಯಂತೆ ಬಡವರಿಗೆ ಅಕ್ಕಿಯನ್ನು ಕೊಡತೊಡಗಿದುದು ಗಮನಾರ್ಹವಾದುದು. ಹಸಿದವರಿಗೆ ಇದು ದೊಡ್ಡ ಆಸರೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಕ್ಕಿ ನೀರಾವರಿಯ ಡೆಲ್ಟಾ ಸೀಮೆಯ ಬೆಳೆ. ಮಳೆಯಾಶ್ರಯದ ಹೊಲದಲ್ಲಿ ಜೋಳ ಬೆಳೆದವಳಿಗೆ ಅದರ ಬೆಲೆಯೊಡನೆ ಪೈಪೋಟಿ ಎಲ್ಲಿಯದು? ಜೋಳಕ್ಕೆ ಗಿರಾಕಿ ಕುಗ್ಗಿ, ಹೊಲಗಳು ಬೀಳುಬಿದ್ದು, ಹೊಲದ ಕೂಲಿಯೂ ಕಡಮೆಯಾಯಿತೆಂಬುದು ಸಂಘದವರ ವಾದ. ಈ ವಾದವನ್ನು ಪೂರ್ತಿಯಾಗಿ ಒಪ್ಪದವರೂ ಒಂದನ್ನು ಒಪ್ಪಬೇಕಾಗುವುದು: ಹೊರಗಿನಿಂದ ಬಂದ ಅನ್ನವು ಹೊಟ್ಟೆಯನ್ನು ತುಂಬಿತೇ ಹೊರತು ಹೊಲಕ್ಕೆ ಜೀವ ಕೊಡಲಿಲ್ಲ.

ಇದಕ್ಕೆ ಪ್ರತಿಯಾಗಿ 1990ರ ದಶಕದ ಮಧ್ಯದಲ್ಲಿ ಹೂಡಿದ ಏರ್ಪಾಡು ಸ್ವಲ್ಪ ವಿವರವಾಗಿ ತಿಳಿಯತಕ್ಕದ್ದು. ಬೀಳುಭೂಮಿಯುಳ್ಳವರಿಗೆ ಉಳುಮೆ, ಗೊಬ್ಬರ, ಬಿತ್ತನೆಗಳಿಗಾಗಿ ಎಕರೆಯ ಲೆಕ್ಕದಲ್ಲಿ ಮುಂಗಡ ಹಣವನ್ನು ಕೊಡುವರು. ಸಾಲಗಾರರು ಹಣವನ್ನು ಹಿಂದಿರುಗಿಸಬೇಕಾಗಿಲ್ಲ. ಕೆಲವು ವರ್ಷಗಳ ಕಂತುಗಳಲ್ಲಿ ಜೋಳವನ್ನೇ ಅಳೆಯತಕ್ಕದ್ದು. ಹೀಗೆ ಕೂಡಿದ ಧಾನ್ಯವನ್ನು ಊರಿನಲ್ಲಿಯೇ ಇಟ್ಟು, ಕೂಲಿಯಿಲ್ಲದ ತಿಂಗಳುಗಳಲ್ಲಿ ಬಡವರಿಗೆ ಅಗ್ಗದ ಬೆಲೆಗೆ ಮಾರುವರು. ಬಡವರು ಯಾರೆಂಬುದನ್ನು ಕಛೇರಿಯ ಕಾಗದ ಹೇಳುವುದಿಲ್ಲ. ಊರವರು ಸೇರಿ ನೆಲದ ಮೇಲೆ ಊರಿನ ನಕ್ಷೆಯನ್ನು ಬರೆದು, ಒಂದೊಂದು ಮನೆಯನ್ನೂ ಹೆಸರಿಟ್ಟು ಹೇಳಿ, ಎಲ್ಲರೆದುರಿಗೆ ಮೇಲುಕೀಳಿನ ತರಗತಿಯನ್ನು ಗೊತ್ತುಮಾಡುವರು. ಹೆಚ್ಚು ಬಡವರಿಗೆ ಹೆಚ್ಚು ಜೋಳ. ಉಳ್ಳವನು ಇಲ್ಲದವನೆಂದು ಹೇಳಿಕೊಳ್ಳುವುದು ನೆರೆಹೊರೆಯವರ ಮುಂದೆ ಸುಲಭವಲ್ಲ.

ಬೀಜದ ವಿಷಯವು ಇದಕ್ಕಿಂತಲೂ ಸೂಕ್ಷ್ಮವಾದುದು. ಒಕ್ಕಣೆಗೆ ಮೊದಲೇ ಒಳ್ಳೆಯ ತೆನೆಗಳನ್ನು ಆರಿಸಿ, ಬೂದಿಯನ್ನೂ ಬೇವಿನೆಲೆಯನ್ನೂ ಬೆರಸಿ, ಮಣ್ಣು ಮೆತ್ತಿದ ಬುಟ್ಟಿಗಳಲ್ಲಿ ಕಾಪಾಡುವುದು ಪೂರ್ವದಿಂದ ಹೆಂಗಸರ ಕೆಲಸ. ಅಂಗಡಿಯ ಬೀಜ ಬಂದಂತೆಲ್ಲ ಈ ವಿದ್ಯೆಯೂ ಅದರೊಡನೆ ಅವರ ಮಾತಿಗಿದ್ದ ತೂಕವೂ ಕುಂದಿದುವು. ಸಂಘಗಳು ಊರೂರಲ್ಲಿ ಬೀಜಭಂಡಾರಗಳನ್ನು ಸ್ಥಾಪಿಸಿ, ಬೀಜವನ್ನು ಕಡ ಕೊಟ್ಟು, ಸುಗ್ಗಿಯಲ್ಲಿ ಅದನ್ನು ಹೆಚ್ಚಿಸಿ ಬೀಜವಾಗಿಯೇ ಹಿಂದಕ್ಕೆ ಪಡೆಯುವ ಪದ್ಧತಿಯನ್ನು ನಡೆಸಿದುವು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ, ಅಲಂಕರಿಸಿದ ಎತ್ತಿನ ಬಂಡಿಗಳಲ್ಲಿ ಈ ಬೀಜಗಳನ್ನು ಹೇರಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗುವ ಜಾತ್ರೆಯನ್ನು ತೆಲುಗಿನಲ್ಲಿ 'ಪಾತ ಪಂಟಲ ಜಾತರ' ಎನ್ನುವರು. ಹಳೆಯ ಬೆಳೆಗಳ ಜಾತ್ರೆಯೆಂದರ್ಥ.

ಒಂದೇ ಹೊಲದಲ್ಲಿ ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿ, ಹೆಸರು, ಎಳ್ಳು ಮೊದಲಾದುವನ್ನು ಬೆರಸಿ ಬಿತ್ತುವುದು ಇಲ್ಲಿಯ ರೂಢಿ. ಒಂದು ಕೈಕೊಟ್ಟರೆ ಇನ್ನೊಂದು ಕಾಯುವುದು. ದ್ವಿದಳಗಳು ನೆಲದ ಸಾರವನ್ನು ಹೆಚ್ಚಿಸುವುವು. ಹಿಂಗಾರಿನಲ್ಲಿ ಮಳೆಯಿಲ್ಲದೆ, ನೀರಾವರಿಯಿಲ್ಲದೆ, ಎರೆಯ ತೇವದಿಂದಲೂ ಇಬ್ಬನಿಯಿಂದಲೂ ಬೆಳೆಯುವ ಬೆಳೆಗಳನ್ನು ಈ ಹೆಂಗಸರು 'ಸತ್ಯಂ ಪಂಟಲು' ಎಂದು ಕರೆಯುವರು. ಸರ್ಕಾರದ ಭಾಷೆಯಲ್ಲಿ ಬಹುಕಾಲ 'ಒರಟು ಧಾನ್ಯ'ವೆನಿಸಿಕೊಂಡ ವರ್ಗಕ್ಕೆ ಒಕ್ಕಲಗಿತ್ತಿಯರು ಸತ್ಯದ ಹೆಸರನ್ನಿಟ್ಟಿದ್ದರು! ಭಾರತ ಸರ್ಕಾರವು ಇವನ್ನು ಪೌಷ್ಟಿಕ ಧಾನ್ಯಗಳೆಂದು ಸಾರಿದುದು 2018ರಲ್ಲಿ. ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವನ್ನು ಆಚರಿಸಿದುದು 2023ರಲ್ಲಿ.

ಶಿಕ್ಷಣದ ಭಾಗದಲ್ಲಿ ಮೂರು ಅಂಗಗಳಿವೆ. ಮಾಚನೂರಿನ 'ಪಚ್ಚಸಾಲೆ', ಅಂದರೆ ಹಸುರುಶಾಲೆಯು, ಶಾಲೆ ಬಿಟ್ಟ ಮಕ್ಕಳಿಗೆ ಅಕ್ಷರದೊಡನೆ ಬೇಸಾಯ, ಬಡಗಿತನ, ಕುಂಬಾರಿಕೆ ಮುಂತಾದ ಕಸುಬುಗಳನ್ನು ಕಲಿಸಲು ಏರ್ಪಟ್ಟುದು. ದಿಡ್ಗಿಯ ಕೃಷಿವಿಜ್ಞಾನ ಕೇಂದ್ರವು ಎರಡನೆಯದು. ಮೂರನೆಯದಾದ ಸಂಘಂ ರೇಡಿಯೋ ಎಲ್ಲಕ್ಕಿಂತ ವಿಲಕ್ಷಣವಾದುದು. ಇದರ ಯಂತ್ರಸಾಮಗ್ರಿ 1990ರ ದಶಕದ ಕೊನೆಗೇ ಸಿದ್ಧವಿದ್ದರೂ, ಪ್ರಸಾರದ ಅನುಮತಿಗಾಗಿ ಹತ್ತು ವರ್ಷ ಕಾಯಬೇಕಾಯಿತು. 2006ರಲ್ಲಿ ನಿಯಮ ಸಡಿಲಿದ ಬಳಿಕ, 2008ರ ಅಕ್ಟೋಬರ್ 15ರಂದು ಪ್ರಸಾರ ಆರಂಭವಾಯಿತು. ಕಾಯುತ್ತಿದ್ದ ಕಾಲದಲ್ಲಿ ಹೆಂಗಸರು ಸುಮ್ಮನಿರದೆ, ಧ್ವನಿಮುದ್ರಿಸಿದ ಸುರುಳಿಗಳನ್ನು ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಚಲಚ್ಚಿತ್ರದ ಯಂತ್ರವನ್ನೂ ಕಲಿತು, ಅಕ್ಷರವರಿಯದ ಕೆಲವರು ಸಹ ಹತ್ತಿಬೆಳೆಗಾರರ ಕಷ್ಟನಷ್ಟಗಳನ್ನು ಚಿತ್ರಿಸಿದರು.

ಹೀಗಿರುವಲ್ಲಿ ಪೇಟೆಯಿಂದ ಬರುವ ಸ್ವಯಂಸೇವಕನ ಕೆಲಸವೇನು? ಪ್ರಶ್ನೆ ಸಣ್ಣದಲ್ಲ. ಕಲಿಸಲು ಬಂದವನಿಗೆ ಮೊದಲು ನವಣೆಗೂ ಸಾಮೆಗೂ ಭೇದವನ್ನು ಅವರಿಂದಲೇ ಕಲಿಯಬೇಕಾಗುವುದು. ಬ್ಯಾಂಕಿನ ಬರವಣಿಗೆ, ಕಛೇರಿಯ ಅರ್ಜಿ, ಪ್ರಯೋಗಶಾಲೆಯ ಪರೀಕ್ಷೆ, ಹೊರಗಣ ದೇಣಿಗೆಯ ಲೆಕ್ಕ ಇವೇ ಅವನು ನಿಜವಾಗಿ ಹೊರಬಹುದಾದ ಹೊರೆ. ಬಿತ್ತನೆಯ ನಿರ್ಣಯವನ್ನೂ ಧಾನ್ಯದ ಬೆಲೆಯನ್ನೂ ಸಂಘದ ಸಭೆಗೆ ಬಿಡುವುದೇ ಯುಕ್ತ. ಆದರೂ ಇಂಥ ಸಂಸ್ಥೆಗಳಲ್ಲಿ ಅರ್ಜಿ ಬರೆಯಬಲ್ಲವನ ಕೈಗೆ ಅಧಿಕಾರವೂ ಮೆಲ್ಲಗೆ ಸೇರಿಕೊಳ್ಳುವುದುಂಟು, ದೇಣಿಗೆ ನಿಂತಾಗ ಏರ್ಪಾಡೂ ನಿಲ್ಲುವುದುಂಟು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸೊಸೈಟಿಗೆ ಸಂದಿತು. 2023ರ ಮಾರ್ಚಿಯಲ್ಲಿ ಸತೀಶರು ತೀರಿಕೊಂಡರು. ನಲವತ್ತು ವರ್ಷ ಜತೆಗಿದ್ದವರು ಇಲ್ಲವಾದ ಮೇಲೆ ಬೀಜದ ಬುಟ್ಟಿಗಳಿಗೂ ಧಾನ್ಯದ ಲೆಕ್ಕಕ್ಕೂ ಸಂಘದ ಹೆಂಗಸರೇ, ಅವರ ಹೆಣ್ಣುಮಕ್ಕಳೇ ಹೊಣೆ.