ಮುಳುಗದ ಹುಳ

ಈ ಕಪ್ಪು ಹುಳ ನೋಡಿ. ಇದು ಮೀನು ಹಿಡಿಯಲು ಗಾಳಕ್ಕೆ ಕಟ್ಟುವ ನಕಲಿ ಹುಳ. ಫೋಮ್, ರಬ್ಬರ್ ಕಾಲು, ದಾರ, ಅಷ್ಟೇ. ಹೆಸರು ಚೆರ್ನೋಬಿಲ್ ಆಂಟ್. ಅಮೆರಿಕದ ಯೂಟಾದಲ್ಲಿ, ಗ್ರೀನ್ ನದಿಯ ಮೀನುಗಾರಿಕೆ ಗೈಡ್‌ಗಳು ಬಳಕೆಗೆ ತಂದದ್ದು.

ಫೋಮ್ ಯಾಕೆ? ಇದರೊಳಗೆ ಬಾಯಿ ಮುಚ್ಚಿದ ಪುಟ್ಟ ಪುಟ್ಟ ಗಾಳಿಗುಳ್ಳೆಗಳಿವೆ, ನೀರು ಒಳಗೆ ಇಳಿಯಲ್ಲ. ಗರಿ, ಕೂದಲಿನಿಂದ ಕಟ್ಟಿದ ಹುಳ ನೆನೆದರೆ ಮುಳುಗುತ್ತೆ. ಇದು ಮೀನು ಕಚ್ಚಿದ ಮೇಲೂ ತೇಲುತ್ತೆ.

ಬನ್ನಿ, ಕಟ್ಟೋಣ. ಮೊದಲು ಗಾಳದ ಕೊಕ್ಕೆಯ ನೇರ ಭಾಗಕ್ಕೆ ಒತ್ತೊತ್ತಾಗಿ ದಾರ ಸುತ್ತಿ. ಇದನ್ನು ಬಿಡಲೇಬೇಡಿ. ನುಣುಪಾದ ಲೋಹದ ಮೇಲೆ ಫೋಮ್ ಜಾರಿ ತಿರುಗುತ್ತೆ, ಹುಳ ಮಗುಚಿಕೊಳ್ಳುತ್ತೆ. ಮೇಲೆ ಒಂದು ತೊಟ್ಟು ಸೂಪರ್ ಗ್ಲೂ. ಈಗ 2 ಮಿಲಿಮೀಟರ್ ದಪ್ಪದ ಫೋಮ್ ಪಟ್ಟಿ ಇಡಿ. ಪಟ್ಟಿ ಗಾಳದ ಬಾಯಿಗಿಂತ ಕಿರಿದಾಗಿರಲಿ, ಇಲ್ಲದಿದ್ದರೆ ಮುಳ್ಳು ಮೀನಿಗೆ ನಾಟಲ್ಲ.

ಕೈಚಳಕ ಬೇಕಾಗೋದು ಇಲ್ಲೇ. ಫೋಮ್ ಮೇಲೆ ದಾರದ ಮೊದಲ ಎರಡು ಸುತ್ತು ಸಡಿಲವಾಗಿರಲಿ, ಆಮೇಲೆ ನಿಧಾನಕ್ಕೆ ಬಿಗಿ ಮಾಡಿ. ಒಮ್ಮೆಲೇ ಜಗ್ಗಿದರೆ ತೆಳು ದಾರ ಫೋಮನ್ನು ಕೊಯ್ದುಬಿಡುತ್ತೆ! ದಾರದ ಅಡಿ ಫೋಮ್ ತಗ್ಗಿ, ಸುತ್ತ ಉಬ್ಬಿಕೊಂಡರೆ ಬಿಗಿ ಸರಿಯಾಗಿದೆ ಅಂತ.

ಹಿಂದೊಂದು, ಮುಂದೊಂದು ಕಟ್ಟು. ಅಲ್ಲೇ ಎರಡೂ ಬದಿಗೆ ರಬ್ಬರ್ ಕಾಲು ಸಿಕ್ಕಿಸಿ. ನೀರಿನ ಸೆಳೆತಕ್ಕೆ ಆ ಕಾಲು ಅದುರುತ್ತೆ. ನೀರಿಗೆ ಬಿದ್ದು ಒದ್ದಾಡುವ ಮಿಡತೆ ಅಂತಲೋ ಜೀರುಂಡೆ ಅಂತಲೋ ನಂಬಿ ಟ್ರೌಟ್ ಮೀನು ಮೇಲೆ ಬರುತ್ತೆ. ನನ್ನ ಪ್ರಕಾರ ಇದರ ಜೀವ ಇರೋದೇ ಈ ಕಾಲುಗಳಲ್ಲಿ.

ಬೆನ್ನ ಮೇಲೆ ಒಂದು ಹಳದಿ ತುಂಡೂ ಕಟ್ಟಿ. ಅದು ಮೀನಿಗಲ್ಲ, ದೂರದಿಂದ ಹುಳ ಕಾಣಲಿ ಅಂತ ನಿಮಗೆ.

ಕೊನೆಗೆ, ದಯವಿಟ್ಟು ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಹಿಡಿದ ಮೀನನ್ನು ಹೆಚ್ಚು ಗಾಯವಾಗದ ಹಾಗೆ ನೀರಿಗೆ ಬಿಡಬಹುದು.