ಪವರ್ ಟ್ರಿಪ್: ಈ ಗದ್ದಲದಲ್ಲಿ ಅಂಥದ್ದೇನಿದೆ?

ಹಾಸ್ಟೆಲ್ ರೂಮಿನಲ್ಲಿ ಈ ತಂಡದ ಹಾಡು ಹಾಕಿದರೆ ಮೊದಲು ಕೇಳಿಬರೋ ಮಾತು ಒಂದೇ: "ಏನಪ್ಪಾ ಇದು, ಬರೀ ಕಿರುಚಾಟ!" ಸರಿ, ಕಿರುಚಾಟವೇ. ಆದರೆ ಅದರೊಳಗೆ ಒಂದು ಲೆಕ್ಕಾಚಾರ ಇದೆ. ಸ್ವಲ್ಪ ಬಿಡಿಸಿ ನೋಡೋಣ.

ಪವರ್ ಟ್ರಿಪ್ 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹುಟ್ಟಿದ ತಂಡ. ಇವರು ಬೆರೆಸಿದ್ದು ಎರಡು ಬಗೆಯ ಸಂಗೀತವನ್ನ. ಒಂದು ಹಾರ್ಡ್‌ಕೋರ್ ಪಂಕ್: ಚಿಕ್ಕ ಹಾಡು, ನೇರ ಮಾತು, ಎಲ್ಲರೂ ಸೇರಿ ಕೂಗುವ ಸಾಲು. ಇನ್ನೊಂದು ಥ್ರ್ಯಾಶ್ ಮೆಟಲ್: ವೇಗವಾದ, ಕರಾರುವಾಕ್ಕಾದ ಗಿಟಾರ್ ರಿಫ್‌ಗಳು. ಬೆರಕೆ ಹೊಸದೇನಲ್ಲ. ಟೆಕ್ಸಾಸ್‌ನದೇ ಆದ ಡಿ.ಆರ್.ಐ. ತಂಡ 1987ರಲ್ಲೇ 'ಕ್ರಾಸ್‌ಓವರ್' ಎಂಬ ಆಲ್ಬಂ ತಂದಿತ್ತು. ಈ ಪ್ರಕಾರವನ್ನ ಇವತ್ತಿಗೂ ಆ ಹೆಸರಿನಿಂದಲೇ ಕರೆಯೋದು.

ಹಾಗಾದರೆ ಇವರ ವಿಶೇಷ ಏನು? ನಮಗನಿಸೋದು, ಎಲ್ಲಿ ನಿಧಾನ ಮಾಡಬೇಕು ಅನ್ನೋದು ಇವರಿಗೆ ಚೆನ್ನಾಗಿ ಗೊತ್ತು. 2017ರ 'ನೈಟ್‌ಮೇರ್ ಲಾಜಿಕ್' ಆಲ್ಬಂನಲ್ಲಿ ಇರೋದು ಎಂಟೇ ಹಾಡು. ಅದರಲ್ಲಿ 'ಎಕ್ಸಿಕ್ಯೂಷನರ್ಸ್ ಟ್ಯಾಕ್ಸ್' ಕೇಳಿ. ಅದು ಓಡಲ್ಲ, ಭಾರವಾಗಿ ಹೆಜ್ಜೆ ಹಾಕುತ್ತೆ. ಅಂಗೈಯ ಅಂಚನ್ನ ತಂತಿಗಳ ಮೇಲೆ ಒತ್ತಿ ಮೀಟಿದಾಗ ನಾದ ಉಳಿಯದೆ ಕತ್ತರಿಸಿದಂಥ ಸದ್ದು ಬರುತ್ತೆ. ಜೊತೆಗೆ ಡ್ರಮ್ಸ್ ತಡೆದು ತಡೆದು ಬಿದ್ದಾಗ ತಲೆ ತಾನಾಗಿಯೇ ಆಡುತ್ತೆ. ಬಸ್ಸು ಬ್ರೇಕ್ ಹಾಕಿದಾಗಲೇ ಅಲ್ವಾ, ಎಷ್ಟು ಜೋರಾಗಿ ಹೋಗ್ತಿತ್ತು ಅಂತ ಗೊತ್ತಾಗೋದು?

ಇನ್ನು ಗಾಯಕ ರೈಲಿ ಗೇಲ್. ಅವರ ಸಿಟ್ಟು ಸುಮ್ಮನೆ ಎಲ್ಲರ ಮೇಲಲ್ಲ. ಅಧಿಕಾರದಲ್ಲಿದ್ದು ಬೇರೆಯವರ ಕಷ್ಟದಲ್ಲಿ ಲಾಭ ಮಾಡಿಕೊಳ್ಳೋರ ಮೇಲೆ. 2020ರ ಆಗಸ್ಟ್‌ನಲ್ಲಿ, ಇನ್ನೂ 34ನೇ ವಯಸ್ಸಿಗೇ ಅವರು ತೀರಿಕೊಂಡರು. ಮನೆಯವರು ಅಭಿಮಾನಿಗಳಲ್ಲಿ ಕೇಳಿಕೊಂಡದ್ದು, ಅವರ ಹೆಸರಲ್ಲಿ ಡಲ್ಲಾಸ್ ಹೋಪ್ ಚಾರಿಟೀಸ್‌ಗೆ ದೇಣಿಗೆ ಕೊಡಿ ಅಂತ. ಮನೆಯಿಲ್ಲದ ಎಲ್‌ಜಿಬಿಟಿಕ್ಯೂ ಯುವಜನರಿಗೆ ಆಸರೆ ಕೊಡುವ ಸಂಸ್ಥೆ ಅದು. 2023ರಲ್ಲಿ ಉಳಿದವರು ಹೊಸ ಗಾಯಕನೊಂದಿಗೆ ಮತ್ತೆ ವೇದಿಕೆ ಹತ್ತಿದರು.

ಇಂಥ ಕಾರ್ಯಕ್ರಮಗಳ ಮಾಷ್ ಪಿಟ್ ನೋಡಿದರೆ ಹೊಡೆದಾಟ ಅನಿಸುತ್ತೆ. ಆದರೆ ಅಲ್ಲಿಗೂ ಒಂದು ನಿಯಮ ಇದೆ: ಯಾರಾದರೂ ಬಿದ್ದರೆ ಪಕ್ಕದವರು ಕೂಡಲೇ ಎತ್ತಬೇಕು. ಸಿಟ್ಟು ಇರಲಿ, ಆದರೆ ಪಕ್ಕದವನ ಮೇಲಲ್ಲ. ಇಂಟರ್ನಲ್ಸ್, ಪ್ಲೇಸ್‌ಮೆಂಟ್ ಅಂತ ಒಬ್ಬೊಬ್ಬರೇ ಒಳಗೊಳಗೇ ಕುದಿಯೋ ನಮಗೆ ಹಿಡಿಸಿದ್ದು ಇದೇ.

ಹಾಗಾಗಿ ಮೊದಲ ಸಲ ಕೇಳೋವಾಗ ಹೆಡ್‌ಫೋನ್ ಬೇಡ. ಸ್ಪೀಕರ್ ಇರಲಿ, ಇಬ್ಬರು ಗೆಳೆಯರೂ ಇರಲಿ. ವಾರ್ಡನ್ ರೌಂಡ್ಸ್ ಮುಗೀತಾ ಅಂತ ಮಾತ್ರ ನೋಡಿಕೊಳ್ಳಿ.