ಬಚ್ಚಲುಮನೆಯ ಬೂಷ್ಟು ಮರಳಿ ಬರುವುದೇಕೆ?

ದೀಪಾವಳಿಗೆ ಬಣ್ಣ ಬಳಿಸಿದ ಸ್ನಾನಗೃಹದ ಗೋಡೆಯಲ್ಲಿ ಆಷಾಢದ ಹೊತ್ತಿಗೆ ಕಪ್ಪು ಚುಕ್ಕೆಗಳು ಮೂಡುವುದು ಮಲೆನಾಡು, ಕರಾವಳಿಗಳ ಎಷ್ಟೋ ಮನೆಗಳಲ್ಲಿ ವರ್ಷವರ್ಷವೂ ಕಾಣುವ ಸಂಗತಿ. ಗಾಳಿಬೆಳಕಿಲ್ಲದ ಕಿರಿದಾದ ಸ್ನಾನಗೃಹಗಳು ಹೆಚ್ಚಿದಂತೆ ಬಯಲುಸೀಮೆಯ ನಗರಗಳಲ್ಲಿಯೂ ಇದು ಅಪರೂಪವಾಗಿ ಉಳಿದಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜುತ್ತೇವೆ, ಮೇಲೊಂದು ಬಣ್ಣ ಬಳಿಸುತ್ತೇವೆ. ಕೆಲವೇ ವಾರಗಳಲ್ಲಿ ಅದೇ ಮೂಲೆ ಮತ್ತೆ ಕಪ್ಪಾಗುತ್ತದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಸದಾ ತೇಲುತ್ತಿರುವುದರಿಂದ ಅವುಗಳನ್ನು ಮನೆಯಿಂದ ಹೊರಗಿಡುವುದು ಅಸಾಧ್ಯ. ಸಾಬೂನಿನ ಜಿಡ್ಡು, ಮೈಯಿಂದ ಉದುರಿದ ಹೊಟ್ಟು, ಬಣ್ಣದಲ್ಲಿರುವ ಅಂಟು ಇವೇ ಅದಕ್ಕೆ ಆಹಾರವಾದುದರಿಂದ ಉಪವಾಸ ಕೆಡವುವುದೂ ಸುಲಭವಲ್ಲ. ನಮ್ಮ ಹತೋಟಿಯಲ್ಲಿರುವುದು ತೇವವೊಂದೇ. ಒದ್ದೆಯಾದ ವಸ್ತು ಒಂದೆರಡು ದಿನ ಒಣಗದೆ ಉಳಿದರೆ ಬೂಷ್ಟು ಬೇರೂರಲು ಅಷ್ಟೇ ಸಾಕು.

ನಮ್ಮ ಹಿರಿಯರ ಬಚ್ಚಲುಮನೆಗಳಲ್ಲಿ ಈ ತೊಂದರೆ ಕಡಿಮೆಯಿದ್ದುದಕ್ಕೆ ಕಾರಣಗಳಿವೆ. ಅಲ್ಲಿ ಹಂಡೆಯ ಕೆಳಗೆ ಬೆಳಗಿನಿಂದ ಒಲೆ ಉರಿಯುತ್ತಿತ್ತು, ಗೋಡೆಗಳು ಬೆಚ್ಚಗಿರುತ್ತಿದ್ದವು. ಹಂಚಿನ ಸಂದುಗಳಿಂದ ಆವಿ ತಾನಾಗಿ ಹೊರಹೋಗುತ್ತಿತ್ತು. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ತೀವ್ರ ಕ್ಷಾರಗುಣ ಬೂಷ್ಟಿಗೆ ಹಿತವಲ್ಲ. ಅದು ಗೋಡೆಯ ತೇವವನ್ನು ಬಂಧಿಸಿಡುವುದೂ ಇಲ್ಲ. ಆ ಒಲೆಯ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೆಡುಕೇ ಆಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಆದರೆ ಕಾಂಕ್ರೀಟಿನ ಮುಚ್ಚಿದ ಕೋಣೆಗೆ ಬಂದ ನಾವು ಹೊಗೆಯೊಂದಿಗೆ ಒಣಗುವ ವ್ಯವಸ್ಥೆಯನ್ನೂ ಬಿಟ್ಟುಬಂದೆವು.

ಇದು ಕೇವಲ ಗೋಡೆಯ ಅಂದದ ಪ್ರಶ್ನೆಯಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಶ್ವಾಸನಾಳದ ಸೋಂಕುಗಳ ಅಪಾಯ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಅಸ್ತಮಾ ಇರುವ ಮಕ್ಕಳಿಗೂ ವೃದ್ಧರಿಗೂ ಇದರ ಬಾಧೆ ಅಧಿಕ. 2021ರಲ್ಲಿ ಕೊರೋನಾದ ಬೆನ್ನಿಗೆ ಬಂದ ‘ಕಪ್ಪು ಶಿಲೀಂಧ್ರ’ ರೋಗವನ್ನು ನೆನೆದು ಗೋಡೆಯ ಕಪ್ಪನ್ನು ಕಂಡು ಬೆದರುವವರೂ ಉಂಟು. ಆ ರೋಗವನ್ನು ತರುವುದು ಬೇರೊಂದು ವರ್ಗದ ಶಿಲೀಂಧ್ರ. ಅಲ್ಲಿ ಕಪ್ಪೆಂಬುದು ರೋಗಿಯ ಸತ್ತ ಅಂಗಾಂಶದ ಬಣ್ಣ. ಗೋಡೆಯ ಬೂಷ್ಟಿಗೆ ಅಷ್ಟು ಭಯ ಬೇಡ, ಉಪೇಕ್ಷೆಯೂ ಬೇಡ.

ಉಪಾಯಕ್ಕೆ ಮೊದಲು ತೇವದ ಮೂಲವನ್ನು ತಿಳಿಯಬೇಕು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ಗೋಡೆಗೆ ಇಟ್ಟು, ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ನೀರು ಕಂಡರೆ ಅದು ಗೋಡೆಯೊಳಗಿನಿಂದ ಬರುತ್ತಿದೆ: ಒಡೆದ ಕೊಳವೆ, ಬಿರುಕು ಬಿಟ್ಟ ಹೊರಗೋಡೆ ಅಥವಾ ಮೇಲ್ಮಹಡಿಯ ಸೋರಿಕೆ. ಮುಂಬದಿಯಲ್ಲಿ ಹನಿಗಟ್ಟಿದರೆ ಅದು ಸ್ನಾನದ ಆವಿ. ಮೊದಲನೆಯದಕ್ಕೆ ಗಾರೆಯವನು, ಕೊಳಾಯಿಯವನು ಬೇಕು. ಅಲ್ಲಿ ಎಷ್ಟು ಬಣ್ಣ ಬಳಿದರೂ ಹಣ ವ್ಯರ್ಥ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ಬೆಳಗ್ಗೆ ಯಾರೂ ನೀರು ಬಳಸುವ ಮೊದಲು ಮೀಟರನ್ನು ನೋಡಿದರೆ ಕೊಳವೆಯ ಗುಪ್ತ ಸೋರಿಕೆಯ ಸುಳಿವು ಸಿಗಬಹುದು.

ಆವಿಯ ವಿಷಯಕ್ಕೆ ಬಂದರೆ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರು ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. 20 ಡಿಗ್ರಿಗೆ ಇಳಿದಾಗ ಹಿಡಿಯುವುದು 17 ಗ್ರಾಂ ಮಾತ್ರ. ಉಳಿದುದು ತಣ್ಣನೆಯ ಗೋಡೆಯ ಮೇಲೆ ನೀರಾಗುತ್ತದೆ. ಆದುದರಿಂದ ಆವಿ ತಣಿಯುವ ಮೊದಲೇ ಅದನ್ನು ಹೊರಹಾಕಬೇಕು. ಸ್ನಾನದ ಬಳಿಕವೂ ಅರ್ಧಗಂಟೆ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಲಿ. ಬಾಗಿಲ ಕೆಳಗೆ ಅರ್ಧ ಅಂಗುಲವಾದರೂ ಸಂದಿಲ್ಲದಿದ್ದರೆ ಒಳಗೆ ಗಾಳಿ ಬರದೆ ಫ್ಯಾನ್ ಬರಿದೆ ಸದ್ದು ಮಾಡುತ್ತದೆ. ಮಳೆಗಾಲದಲ್ಲಿ ಹೊರಗಾಳಿಯೇ ತೇವವಾಗಿರುವಾಗ ಕಿಟಕಿ ತೆರೆದು ಫಲವೇನೆಂದು ಕೇಳಬಹುದು. ಬಿಸಿನೀರಿನ ಸ್ನಾನದ ನಂತರ ಒಳಗಿನ ಗಾಳಿ ಅದಕ್ಕಿಂತಲೂ ತೇವವಾಗಿರುವುದರಿಂದ ಫಲವುಂಟು. ಆದರೆ ಅದೊಂದೇ ಸಾಲದು. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ನಂಬಬಹುದಾದ ಉಪಾಯವೆಂದರೆ ಕೊನೆಗೆ ಸ್ನಾನ ಮಾಡಿದವರು ರಬ್ಬರ್ ವೈಪರಿನಿಂದ ಗೋಡೆ, ನೆಲಗಳ ನೀರನ್ನು ಎಳೆದುಬಿಡುವುದು. ಎರಡು ನಿಮಿಷದ ಕೆಲಸ. ಒದ್ದೆ ಟವೆಲು, ನೆನೆದ ಬಟ್ಟೆಯ ಬಕೆಟ್ಟು ಅಲ್ಲಿ ಉಳಿಯದಿರಲಿ.

ಈಗಾಗಲೇ ಬೆಳೆದ ಬೂಷ್ಟನ್ನು ಒಣಗಿದ್ದಾಗ ಕೆರೆಯಬಾರದು; ಕಣಗಳು ಹಾರಿ ಎದೆಯನ್ನು ಸೇರುತ್ತವೆ. ಮೂಗುಬಾಯಿಗೆ ಮುಸುಕು, ಕೈಗವಸು ಧರಿಸಿ, ಮೊದಲು ಸಾಬೂನು ನೀರಿನಿಂದ ನೆನೆಸಿ, ಉಜ್ಜಿ, ಒರೆಸಿ ಒಣಗಿಸಬೇಕು. ಸತ್ತ ಬೂಷ್ಟೂ ಅಲರ್ಜಿ ತರಬಲ್ಲುದಾದ್ದರಿಂದ ಕೊಂದರೆ ಸಾಲದು, ತೆಗೆಯಬೇಕು. ಉಬ್ಬಸವಿದ್ದವರು ಈ ಕೆಲಸಕ್ಕೆ ಕೈಹಾಕದಿರುವುದು ಲೇಸು. ಬ್ಲೀಚನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದಿಗೂ ಬೆರೆಸಬೇಡಿ. ಅದರಿಂದ ಹೊಮ್ಮುವ ಕ್ಲೋರಿನ್ ವಿಷಾನಿಲ. ಬಣ್ಣ ಬಳಿಯುವುದಾದರೆ ಗೋಡೆ ಪೂರ್ತಿ ಒಣಗಿದ ಮೇಲೆಯೇ.

ಗ್ಯಾಸ್ ಗೀಸರ್ ಇರುವ ಮನೆಯವರಿಗೆ ಇನ್ನೊಂದು ಮಾತು. ಚಳಿಗೆ ಅಂಜಿ ಕಿಟಕಿಯನ್ನು ಮುಚ್ಚಿ ಸ್ನಾನ ಮಾಡಿದಾಗ, ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣ ಹೋದ ಪ್ರಸಂಗಗಳು ನಮ್ಮ ನಾಡಿನಲ್ಲಿ ನಡೆದಿವೆ. ಅಂಥ ಗೀಸರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವ ಕಡೆ ಅಳವಡಿಸಿ ನೀರನ್ನಷ್ಟೇ ಕೊಳವೆಯಲ್ಲಿ ಒಳತರಬೇಕು. ಈಗಾಗಲೇ ಒಳಗಿದ್ದರೆ, ಸ್ಥಳಾಂತರಿಸುವವರೆಗೆ ಬಕೆಟ್ಟಿಗೆ ನೀರು ತುಂಬಿಕೊಂಡು, ಗೀಸರನ್ನು ಆರಿಸಿ, ಕಿಟಕಿ ತೆರೆದಿಟ್ಟೇ ಸ್ನಾನಕ್ಕಿಳಿಯಿರಿ.